ಸೂರ್ಯನ ಅರ್ಕಾವತ್ತು ಮತ್ತು ನನ್ನ ಫೋನು

ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ನನ್ನ ಬಳಿ ಇರುವುದು ಒಂದು ಫೋನು, ದಾನಿಗಳು ಕೊಡಿಸಿದ ಒಂದು ಟಿವಿ. ಫೋನಿನ ಪರದೆ ಟಿವಿಯಲ್ಲಿ ಕಂಡರೆ ಸಾಕು, ಇಡೀ ತರಗತಿಗೆ ಆಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಫೋನಿನ ಕನ್ನಡ ಕೀಬೋರ್ಡ್. ಒತ್ತಕ್ಷರ ಮಕ್ಕಳಿಗೆ ಕಷ್ಟ. ಅರ್ಕಾವತ್ತು, ಅಂದರೆ ‘ರ್’ ಬದಲಿಗೆ ಮುಂದಿನ ಅಕ್ಷರದ ಪಕ್ಕ ಬರೆಯುವ ಗುರುತು, ಇನ್ನೂ ಕಷ್ಟ. ‘ಸೂರ್ಯ’ ಬರೆಯುವಾಗ ಕೈ ಮೊದಲು ಯ ಬರೆಯುತ್ತದೆ, ಅರ್ಕಾವತ್ತು ಆಮೇಲೆ ಬರುತ್ತದೆ. ಕಣ್ಣಿಗೆ ಕಂಡಂತೆ ಓದಿದ ಮಗು ‘ಸೂಯ್ರ’ ಅನ್ನುತ್ತದೆ. ಅದರಲ್ಲಿ ಮಗುವಿನ ತಪ್ಪೇನಿದೆ? ಕೀಬೋರ್ಡಿನಲ್ಲಿ ಮಾತ್ರ ಕಿವಿಗೆ ಕೇಳಿದ ಕ್ರಮದಲ್ಲೇ ಒತ್ತಬೇಕು: ಸೂ, ರ, ಅರ್ಧಾಕ್ಷರದ ಗುರುತು, ಯ. ಯ ಒತ್ತಿದ ಕೂಡಲೇ ‘ರ್’ ಮಾಯವಾಗಿ ಅರ್ಕಾವತ್ತು ಯ ಪಕ್ಕಕ್ಕೆ ಬಂದು ಕೂರುತ್ತದೆ. ಮಕ್ಕಳು ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಕಾರ್ಯ, ಸರ್ಪ, ವರ್ಷ ಎಲ್ಲವನ್ನೂ ಹೀಗೇ ಟೈಪ್ ಮಾಡಿ, ತಕ್ಷಣ ಸ್ಲೇಟಿನಲ್ಲಿ ಬರೆಸುತ್ತೇನೆ. ಕೈಬರಹ ಬಿಟ್ಟರೆ ಇದೆಲ್ಲ ಸುಮ್ನೆ.

ಇನ್ನೊಂದು, ಮೈಕ್ ಗುರುತು ಒತ್ತಿ ಮಾತಾಡಿದರೆ ಫೋನೇ ಬರೆಯುವುದು. ಮಗು ತನ್ನ ಮನೆಯ ಮೇಕೆಯ ಬಗ್ಗೆ ಎರಡು ಮಾತು ಹೇಳುತ್ತದೆ. ಟಿವಿಯಲ್ಲಿ ಅಕ್ಷರ ಮೂಡುತ್ತದೆ. ತಾನೇ ಹೇಳಿದ ಮಾತಾದ್ದರಿಂದ ಓದಲು ಹೆದರಿಕೆ ಇಲ್ಲ. ಫೋನು ಎಷ್ಟೋ ಸಲ ಬೇರೆ ಏನನ್ನೋ ಬರೆಯುತ್ತದೆ. ‘ಹಾಲು’ ಎಂಬುದನ್ನು ‘ಆಲು’ ಅಂದರಂತೂ ಕೇಳಲೇಬೇಡಿ. ನಾನು ತಿದ್ದುವುದಿಲ್ಲ. “ಮಿಸ್, ನಾನು ಹಂಗೆ ಹೇಳ್ಲಿಲ್ಲ!” ಎಂದು ಮಗುವೇ ಎದ್ದು ತೋರಿಸುತ್ತದೆ. ಒಂದೊಂದೇ ಅಕ್ಷರ ನೋಡದೆ ತಪ್ಪು ಸಿಗುವುದಿಲ್ಲ, ಅಲ್ವಾ? ಅದೇ ಓದು. ಮನೆಮಾತನ್ನು ಮಾತ್ರ ತಪ್ಪು ಅನ್ನುವುದಿಲ್ಲ. ಮನೆಯಲ್ಲಿ ಹಾಗೆ ಹೇಳ್ತೀವಿ, ಬರೆಯುವಾಗ ಹೀಗೆ ಬರೀತೀವಿ ಅನ್ನುತ್ತೇನೆ, ಅಷ್ಟೇ.

ಕಥೆಗಳಿಗೆ ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ಜಾಲತಾಣ ಇದೆ. 2015ರಲ್ಲಿ ಶುರುವಾದದ್ದು, ಕನ್ನಡದ ಪುಸ್ತಕಗಳು ಉಚಿತ. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಿವೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ತೆಗೆದು ಹಂಚಬಹುದು. ಶಾಲೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಹಾಗಾಗಿ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತೇನೆ.

ಅಕ್ಷರದ ಬಲೂನು ಒಡೆಯುವಂಥ ಆಟಗಳನ್ನು ನಾನು ಬಳಸುವುದಿಲ್ಲ. ಅಲ್ಲಿ ಬೆರಳು ಓಡುತ್ತದೆ, ಬಾಯಿ ಓದುವುದಿಲ್ಲ.