ಜಪಾನಿಗೆ ಹೊರಟಿದ್ದೀರಾ? ಯುಕಾತಾ ಉಡುವ ಮುಂಚೆ ಇದನ್ನು ಓದಿ

ಜಪಾನಿನ ಹಳೇ ಶೈಲಿಯ ವಸತಿಗೃಹಗಳಲ್ಲಿ, ಅಂದರೆ ರ್‍ಯೋಕಾನ್‌ಗಳಲ್ಲಿ, ಹತ್ತಿಯ ಯುಕಾತಾ, ಅಂದರೆ ಜಪಾನಿನ ಸಾಂಪ್ರದಾಯಿಕ ನಿಲುವಂಗಿ ಕಿಮೋನೋದ ಹಗುರ ರೂಪ, ಮಡಿಸಿ ಇಟ್ಟಿರುತ್ತಾರೆ. ಮೊದಲು ಬಲಗಡೆಯ ಅಂಚನ್ನು ಮೈಗೆ ಸುತ್ತಿಕೊಳ್ಳಿ, ಅದರ ಮೇಲೆ ಎಡಗಡೆಯದು ಬರಲಿ. ಗಂಡಸರಿಗೂ ಹೆಂಗಸರಿಗೂ ಇದೇ ಕ್ರಮ. ದಯವಿಟ್ಟು ಉಲ್ಟಾ ಮಾಡಬೇಡಿ, ಅಲ್ಲಿ ಸತ್ತವರಿಗೆ ಹಾಗೆ ಉಡಿಸುತ್ತಾರೆ. ಬಲಗೈ ಎದೆಯ ಮಡಿಕೆಯೊಳಗೆ ಸಲೀಸಾಗಿ ಹೋದರೆ ಸರಿಯಾಗಿದೆ ಅಂತ ಲೆಕ್ಕ. ಸೆಲ್ಫಿ ನೋಡಿ ನಿರ್ಧರಿಸಬೇಡಿ, ಅದರಲ್ಲಿ ಎಡಬಲ ಅದಲುಬದಲಾಗಿ ಕಾಣಬಹುದು. ಸೊಂಟದ ಪಟ್ಟಿ ಓಬಿಯನ್ನು ಗಂಡಸರು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟಿದರೇ ಚೆಂದ.

ಸೆಕೆಂಡ್ ಹ್ಯಾಂಡ್ ಕಿಮೋನೋ ಕೊಳ್ಳುವವರು ಉದ್ದಕ್ಕಿಂತ ತೋಳಿನ ಅಳತೆ ನೋಡಿ. ಕೈಯನ್ನು ಪಕ್ಕಕ್ಕೆ ಚಾಚಿ, ಕತ್ತಿನ ಹಿಂದಿನ ಮೂಳೆಯಿಂದ ಮಣಿಕಟ್ಟಿನವರೆಗೆ ಟೇಪ್ ಹಿಡಿಯಿರಿ. ಹೆಂಗಸರ ಕಿಮೋನೋ ಸ್ವಲ್ಪ ಉದ್ದವಿದ್ದರೆ ಸೊಂಟದ ಹತ್ತಿರ ಮಡಚಿ ಓಬಿ ಕಟ್ಟಬಹುದು, ಅದು ಹಾಗೆ ಉಡುವುದಕ್ಕೇ ಹೊಲಿದಿದ್ದು. ಗಿಡ್ಡ ತೋಳಿಗೆ ಮಾತ್ರ ಸುಲಭದ ಉಪಾಯವಿಲ್ಲ. ಗಂಡಸರದ್ದರಲ್ಲಿ ಆ ಮಡಿಕೆ ಇರುವುದಿಲ್ಲ, ಹಾಗಾಗಿ ಉದ್ದವೂ ಸರಿಹೊಂದಬೇಕು.

ರೇಷ್ಮೆಯದಾದರೆ ಮನೆಯಲ್ಲಿ ನೀರಿಗೆ ಹಾಕಲೇಬೇಡಿ. ದಿನಬಳಕೆಗೆ ಬೇಕಿದ್ದರೆ ಪಾಲಿಯೆಸ್ಟರ್‌ನದು ಸಿಗುತ್ತದೆ, ಒಗೆಯುವುದೂ ಸುಲಭ.