ಕಾರು ಓಡಿಸುವ ಕಾಲಿಗೆ ಎಂಥ ಚಪ್ಪಲಿ, ಎಂಥ ಶೂ?

ಕಾರು ಓಡಿಸುವಾಗ ಬಲಗಾಲಿನ ಕೆಲಸವೆಲ್ಲ ಹಿಮ್ಮಡಿಯನ್ನು ನಂಬಿಕೊಂಡಿದೆ. ಹಿಮ್ಮಡಿ ಬ್ರೇಕ್ ಪೆಡಲಿನ ನೇರಕ್ಕೆ ಮ್ಯಾಟಿನ ಮೇಲೆ ಊರಿರುತ್ತದೆ. ಪಾದದ ಮುಂಭಾಗ ಅದನ್ನೇ ತಿರುಗಣಿ ಮಾಡಿಕೊಂಡು ಬಲಕ್ಕೆ ಹೊರಳಿದರೆ ಆಕ್ಸಿಲರೇಟರ್, ಎಡಕ್ಕೆ ಹೊರಳಿದರೆ ಬ್ರೇಕ್. ಪಾದ ಚಿಕ್ಕದಿರುವವರು ಬ್ರೇಕ್ ಒತ್ತಲು ಹಿಮ್ಮಡಿಯನ್ನೂ ಎತ್ತಬೇಕಾಗುತ್ತದೆ, ಅದು ತಪ್ಪಲ್ಲ. ಆದರೆ ಎತ್ತಿದಾಗ ಮೆಟ್ಟಿದ್ದೂ ಕಾಲಿನ ಜೊತೆಗೇ ಏಳಬೇಕು. ಹಾಗಾಗಿ ಚಪ್ಪಲಿಯೋ ಶೂವೋ, ಬೆಲೆ ಎಷ್ಟು, ಯಾವ ಕಂಪನಿ ಎಂಬುದೆಲ್ಲ ಆಮೇಲಿನ ಮಾತು. ಅದು ಹಿಮ್ಮಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಎಂಬುದನ್ನು ಮೊದಲು ನೋಡಿ.

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ, 80ರಲ್ಲಿ 22 ಮೀಟರ್. ಸಡಿಲ ಚಪ್ಪಲಿಯನ್ನು ಬೆರಳಲ್ಲಿ ಸರಿಮಾಡಿಕೊಳ್ಳಲು ಅರ್ಧ ಸೆಕೆಂಡ್ ಹೋದರೂ ಬ್ರೇಕ್ ಹಿಡಿಯುವ ಮೊದಲೇ ಎರಡು ಕಾರಿನ ಉದ್ದದಷ್ಟು ದೂರ ಕಳೆದಿರುತ್ತದೆ.

ಹವಾಯಿ ಚಪ್ಪಲಿ ಎಲ್ಲಿ ಕೈಕೊಡುತ್ತದೆ

ನಮ್ಮಲ್ಲಿ ಹೆಚ್ಚು ಜನ ಕಾರಿಗೆ ಹತ್ತುವುದು ಮನೆಬಾಗಿಲಲ್ಲಿ ಸಿಕ್ಕ ಚಪ್ಪಲಿಯನ್ನೇ ಮೆಟ್ಟಿಕೊಂಡು. ಹವಾಯಿ ಚಪ್ಪಲಿಯನ್ನು ಪಾದಕ್ಕೆ ಕಟ್ಟಿರುವುದು ಉಂಗುಷ್ಠದ ಬಳಿ ಮಾತ್ರ. ಕಾಲು ಎತ್ತಿದ ಕೂಡಲೇ ಅದರ ಹಿಂಭಾಗ ಜೋತುಬೀಳುತ್ತದೆ. ಕಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಹಾಯುವಾಗ ಈ ಜೋತ ಅಂಚು ಮ್ಯಾಟಿಗೆ ತಗಲಿ ಚಪ್ಪಲಿ ಅಡ್ಡಡ್ಡ ತಿರುಗುತ್ತದೆ. ಪಾದ ಬ್ರೇಕಿನ ಮೇಲಿದ್ದರೂ ಚಪ್ಪಲಿಯ ಒಂದು ಮೂಲೆ ಇನ್ನೂ ಆಕ್ಸಿಲರೇಟರಿನ ಮೇಲೆ ಇರಬಹುದು.

ಇನ್ನೊಂದು ತೊಂದರೆ ಮುಂಭಾಗದ್ದು. ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಪೆಡಲು ಆಕ್ಸಿಲರೇಟರಿಗಿಂತ ತುಸು ಎತ್ತರದಲ್ಲಿ, ನಮ್ಮ ಕಡೆಗೆ ಚಾಚಿಕೊಂಡಿರುತ್ತದೆ. ಕಾಲನ್ನು ಸಾಕಷ್ಟು ಎತ್ತದೆ ಎಡಕ್ಕೆ ಜಾರಿಸಿದರೆ ಬೆರಳಿಗಿಂತ ಮುಂದೆ ಚಾಚಿದ ರಬ್ಬರ್ ತುದಿ ಪೆಡಲಿನ ಅಡಿಗೆ ನುಗ್ಗಿ ಮಡಚಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಚಪ್ಪಲಿ ಪೂರ್ತಿ ಕಳಚಿ ಪೆಡಲಿನ ಹಿಂದೆ ಬೀಳುವುದು. ಆಗ ಅದು ಪೆಡಲಿಗೂ ನೆಲಕ್ಕೂ ನಡುವೆ ಬೆಣೆಯಂತೆ ಕೂತು ಬ್ರೇಕನ್ನು ಪೂರ್ತಿ ಒತ್ತಲು ಬಿಡುವುದಿಲ್ಲ. ಹಾಗೆ ಬಿದ್ದರೆ ಓಡುತ್ತಿರುವ ಕಾರಿನಲ್ಲಿ ಬಗ್ಗಿ ಎತ್ತಲು ಹೋಗಬೇಡಿ, ಕಣ್ಣು ರಸ್ತೆಯ ಮೇಲೆಯೇ ಇರಲಿ. ಬ್ರೇಕ್ ಒತ್ತಿ ನೋಡಿ. ಚಪ್ಪಲಿ ತಡೆಯುತ್ತಿದ್ದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರ್ ಒಂದೊಂದಾಗಿ ಇಳಿಸುತ್ತಾ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ಬದಿಗೆ ನಿಲ್ಲಿಸಿ, ಆಮೇಲೆ ತೆಗೆಯಿರಿ.

ಕಾನೂನು ಏನು ಹೇಳುತ್ತದೆ ಎಂಬ ಗೊಂದಲ ಹಲವರಿಗಿದೆ. ದಂಡದ ಮೊತ್ತ ಏರಿಸಿದ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 2019ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಾಗ ಚಪ್ಪಲಿ ಮೆಟ್ಟಿ ಓಡಿಸಿದರೂ ದಂಡ ಎಂಬ ಸುದ್ದಿ ಹಬ್ಬಿತ್ತು. ಅಂಥ ದಂಡ ಕಾಯ್ದೆಯಲ್ಲಿ ಇಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿ ಅದೇ ತಿಂಗಳು ಸ್ಪಷ್ಟಪಡಿಸಿತು. ದಂಡವಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಾಗುವುದಿಲ್ಲ.

ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ಕಾಲಿಗೆ ಚೆಂದ, ನಡೆಯಲು ಗಟ್ಟಿ. ಆದರೆ ಅದರ ಚರ್ಮದ ಅಟ್ಟೆ ತುಳಿದು ತುಳಿದು ನುಣುಪಾದಂತೆ ಪೆಡಲಿನ ಮೇಲೆ ಜಾರುತ್ತದೆ, ಹಿಂದೆ ಪಟ್ಟಿಯೂ ಇಲ್ಲ. ಚಪ್ಪಲಿ ರಿಪೇರಿಯವರ ಹತ್ತಿರ ತೆಳು ರಬ್ಬರ್ ಸೋಲು ಹೊಡೆಸಿದರೆ ಜಾರುವುದು ನಿಲ್ಲುತ್ತದೆ, ಹಿಮ್ಮಡಿಯ ಸಮಸ್ಯೆ ಹಾಗೇ ಉಳಿಯುತ್ತದೆ.

ಬರಿಗಾಲಾದರೆ?

ಸಡಿಲ ಚಪ್ಪಲಿಗಿಂತ ಬರಿಗಾಲು ಮೇಲು. ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ಅಂಗಾಲಿಗೆ ಚೆನ್ನಾಗಿ ತಿಳಿಯುತ್ತದೆ. ಕೊರತೆ ಕಾಣುವುದು ತುರ್ತು ಬ್ರೇಕಿನಲ್ಲಿ. 2019ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಎಬಿಎಸ್ ಇರುವ ಕಾರಿನಲ್ಲಿ ತುರ್ತಿಗೆ ಬ್ರೇಕನ್ನು ಪೂರ್ತಿ ಬಲದಿಂದ ಒತ್ತಿ, ಕಾರು ನಿಲ್ಲುವವರೆಗೂ ಬಿಡದೆ ಹಿಡಿದಿರಬೇಕು. ಆಗ ಪೆಡಲು ಕಾಲಿನ ಕೆಳಗೆ ಗಡಗಡ ಅದುರುತ್ತದೆ. ಪೆಡಲಿನ ಅಂಚು ಬರಿಯ ಅಂಗಾಲಿಗೆ ಒತ್ತಿ ನೋವಾದರೆ ಕಾಲು ತಾನಾಗಿಯೇ ಸಡಿಲಾಗುತ್ತದೆ, ನಿಲ್ಲುವ ದೂರ ಹೆಚ್ಚುತ್ತದೆ. ಬೆವರಿದ ಅಥವಾ ಒದ್ದೆಯಾದ ಕಾಲು ಜಾರುವುದೂ ಉಂಟು. ಧರ್ಮಸ್ಥಳದಲ್ಲೋ ಕುಕ್ಕೆಯಲ್ಲೋ ಕಾಲು ತೊಳೆದು ಬಂದು ಹಾಗೇ ಸೀಟಿಗೆ ಕೂರುವವರು ಒಂದು ಹಳೆಯ ಟವೆಲ್ ಇಟ್ಟುಕೊಂಡಿರಿ. ಅಪಘಾತವಾದರೆ ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ಇಳಿಯಬೇಕಾಗುತ್ತದೆ ಎಂಬುದನ್ನೂ ಮರೆಯಬೇಡಿ. ಇನ್ನು ಶೂ ಬಿಚ್ಚಿಟ್ಟು ಬರೀ ಕಾಲುಚೀಲದಲ್ಲಿ ಓಡಿಸುವುದಂತೂ ಬೇಡವೇ ಬೇಡ. ನುಣುಪು ಬಟ್ಟೆಗೆ ಪೆಡಲಿನ ರಬ್ಬರ್ ಮೇಲೆ ಹಿಡಿತ ಸಿಗುವುದಿಲ್ಲ.

ಅಂಗಡಿಯಲ್ಲಿ ಏನು ನೋಡಬೇಕು

ಅಟ್ಟೆಯ ದಪ್ಪದಿಂದ ಶುರುಮಾಡಿ. ಹೆಬ್ಬೆರಳಿನ ಬುಡ ಊರುವ ಜಾಗದಲ್ಲಿ, ಅಂದರೆ ಪೆಡಲನ್ನು ಒತ್ತುವ ಜಾಗದಲ್ಲಿ, 10 ಮಿ.ಮೀ. ಆಸುಪಾಸು ಇದ್ದರೆ ಸರಿ. ಒಂದು ಪೆನ್ಸಿಲ್ ದಪ್ಪಕ್ಕಿಂತ ಸ್ವಲ್ಪ ಹೆಚ್ಚು ಎಂದುಕೊಳ್ಳಿ. ಇದಕ್ಕಿಂತ ತೀರಾ ದಪ್ಪವಾದರೆ ಪೆಡಲು ಎಷ್ಟು ಇಳಿಯಿತು ಎಂಬುದು ಕಾಲಿಗೆ ಗೊತ್ತಾಗುವುದಿಲ್ಲ. ಆಗುಂಬೆಯಂಥ ಘಾಟಿಯ ತಿರುವಿನಲ್ಲಿ ಮುಂದಿನ ಬಸ್ಸಿನ ಹಿಂದೆ ನಿಂತು ಏರಿಗೆ ಕಾರು ಎತ್ತಬೇಕಾದಾಗ ಕ್ಲಚ್ ಹಿಡಿಯುವ ಆ ಒಂದು ಬಿಂದು ತಿಳಿಯಲೇಬೇಕು. ತಿಳಿಯದಿದ್ದರೆ ಒಂದೋ ಕಾರು ಆಫ್ ಆಗುತ್ತದೆ, ಇಲ್ಲವೇ ಅರ್ಧ ಕ್ಲಚ್‌ನಲ್ಲೇ ಹೆಚ್ಚು ಹೊತ್ತು ಹಿಡಿದು ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ.

ದಪ್ಪ ಸರಿಯಿದ್ದು ಅಟ್ಟೆ ಮೆತ್ತಗಿದ್ದರೂ ಕಷ್ಟ. ಈಗಿನ ರನ್ನಿಂಗ್ ಶೂಗಳಲ್ಲಿ ಹಿಮ್ಮಡಿಯ ಕೆಳಗೆ 30 ಮಿ.ಮೀ.ಗಿಂತ ಹೆಚ್ಚು ಫೋಮ್ ಇರುವುದು ಸಾಮಾನ್ಯ. ಓಡುವವರ ಮೊಣಕಾಲಿಗೆ ಅದು ಒಳ್ಳೆಯದೇ. ಕಾರಿನಲ್ಲಿ ಮಾತ್ರ ನೀವು ಒತ್ತಿದ್ದರಲ್ಲಿ ಒಂದಂಶ ಫೋಮನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ. ಹಿಂದಕ್ಕೂ ಅಕ್ಕಪಕ್ಕಕ್ಕೂ ಚಾಚಿಕೊಂಡ ಹಿಮ್ಮಡಿ ತಿರುಗುವಾಗ ಮ್ಯಾಟಿಗೆ ಸಿಕ್ಕಿಕೊಳ್ಳುತ್ತದೆ. ಚಪ್ಪಟೆ ರಬ್ಬರ್ ಅಟ್ಟೆಯ ಸಾದಾ ಕ್ಯಾನ್ವಾಸ್ ಶೂ, ಮಕ್ಕಳು ಪಿ.ಟಿ.ಗೆ ಹಾಕುವಂಥದ್ದೇ, ದುಬಾರಿ ಸ್ಪೋರ್ಟ್ಸ್ ಶೂಗಿಂತ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಕಡಿಮೆ ಖರ್ಚಿನಲ್ಲಿ ಒಂದು ಜೊತೆ ಕೊಳ್ಳುವವರಿಗೆ ನಮ್ಮ ಸಲಹೆ ಅದೇ.

ಶೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳಿನ ಬುಡದಲ್ಲಿ ಸುಲಭವಾಗಿ ಬಾಗಬೇಕು, ನಡುವೆ ಮಡಚಬಾರದು. ಹಿಮ್ಮಡಿಯ ಹಿಂದಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಸಿಯದಷ್ಟು ಗಟ್ಟಿ ಇರಲಿ. ಕಣಕಾಲಿನ ಮೇಲಕ್ಕೆ ಬರುವ ಬೂಟು ಪಾದವನ್ನು ಮೇಲೆ ಕೆಳಗೆ ಆಡಿಸಲು ಬಿಡುವುದಿಲ್ಲ, ಅದನ್ನು ಬದಿಗಿಡಿ. ಸಂಜೆಯ ಹೊತ್ತಿಗೆ ಪಾದ ತುಸು ಊದಿರುತ್ತದೆ, ಅಳತೆ ನೋಡಲು ಆ ಹೊತ್ತೇ ಸರಿ. ಲೇಸಿನ ಕುಣಿಕೆ ಉದ್ದವಾಗಿ ಜೋತಾಡಿದರೆ ಪೆಡಲಿಗೆ ಸಿಕ್ಕಬಹುದು. ಎರಡು ಗಂಟು ಹಾಕಿ ತುದಿಗಳನ್ನು ಒಳಗೆ ಸಿಕ್ಕಿಸಿ, ಇಲ್ಲವೇ ವೆಲ್ಕ್ರೋ ಪಟ್ಟಿಯದ್ದನ್ನು ಕೊಳ್ಳಿ.

ಶೂ ಸೆಕೆಯೆನಿಸುವ ಕರಾವಳಿಯಲ್ಲಿ, ಬಿಸಿಲಿನ ಕಲಬುರಗಿ, ರಾಯಚೂರಿನಲ್ಲಿ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಒಳ್ಳೆಯ ನಡುದಾರಿ. ಪಟ್ಟಿಯನ್ನು ಬಿಗಿಯಾಗಿ ಹಾಕಿಕೊಳ್ಳಬೇಕು. ಅವಸರದಲ್ಲಿ ಹಿಂಪಟ್ಟಿಯನ್ನು ಹಿಮ್ಮಡಿಯ ಕೆಳಗೆ ತುಳಿದುಕೊಂಡು ಹೊರಟರೆ ಅದೂ ಹವಾಯಿ ಚಪ್ಪಲಿಯೇ.

ಕಾರಿಗೆಂದೇ ಮಾಡಿದ ಶೂಗಳೂ ಇವೆ. ಇಟಲಿಯಲ್ಲಿ 1963ರಲ್ಲಿ ಅಟ್ಟೆಗೆ ಸಣ್ಣ ಸಣ್ಣ ರಬ್ಬರ್ ಗುಬ್ಬಿಗಳನ್ನು ಹೊಂದಿಸಿದ ಮೆತ್ತನೆಯ ಮೊಕ್ಯಾಸಿನ್ ಬಂತು. ಇಂಥ ಶೂಗಳಲ್ಲಿ ಗುಬ್ಬಿಗಳು ಹಿಮ್ಮಡಿಯ ಹಿಂಭಾಗದ ಮೇಲಕ್ಕೂ ಹತ್ತಿರುತ್ತವೆ. ಕಾಲು ಊರಿ ತಿರುಗುವಾಗ ಮ್ಯಾಟಿಗೆ ಉಜ್ಜುವುದು ಆ ಜಾಗವೇ. ನಮ್ಮ ಅಂಗಡಿಗಳಲ್ಲಿ ಡ್ರೈವಿಂಗ್ ಲೋಫರ್ ಎಂಬ ಹೆಸರಿನಲ್ಲಿ ಸಿಗುವ ಎಲ್ಲವೂ ಹಾಗಿರುವುದಿಲ್ಲ. ಹೆಸರನ್ನು ಬಿಟ್ಟು ಅಟ್ಟೆಯನ್ನು ತಿರುಗಿಸಿ ನೋಡಿ ಕೊಳ್ಳಿ. ನಿಜವಾದ ಗುಬ್ಬಿ ಅಟ್ಟೆ ಡಾಂಬರಿನ ಮೇಲೆ ದಿನಾ ನಡೆದರೆ ಬೇಗ ಸವೆಯುತ್ತದೆ.

ಕಾರಿನಲ್ಲಿ ಕೂತು ಪರೀಕ್ಷೆ

ಕಾರನ್ನು ಸಮತಟ್ಟಾದ ಬಯಲು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ (ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿಡಿ). ಮೊದಲು ಎಂಜಿನ್ ಆಫ್ ಇರಲಿ. ಸೀಟನ್ನು ಈ ಶೂ ಹಾಕಿಕೊಂಡೇ ಹೊಂದಿಸಿ: ಕ್ಲಚ್ ತಳ ಮುಟ್ಟಿದಾಗಲೂ ಎಡ ಮೊಣಕಾಲು ತುಸು ಬಾಗಿರಬೇಕು. ಚಪ್ಪಲಿಯಲ್ಲಿ ಹೊಂದಿಸಿದ ಸೀಟು ದಪ್ಪ ಅಟ್ಟೆಯ ಶೂಗೆ ಹೊಂದುವುದಿಲ್ಲ.

ಈಗ ಬ್ರೇಕನ್ನು ನಡುಮಧ್ಯದಲ್ಲಿ ಒತ್ತಿ ಬಗ್ಗಿ ನೋಡಿ. ಶೂವಿನ ಬಲ ಅಂಚು ಆಕ್ಸಿಲರೇಟರಿಗೆ ತಾಗುತ್ತಿದೆಯೇ? ತಾಗಿದರೆ ಆ ಶೂ ಆ ಕಾರಿಗೆ ಅಗಲವಾಯಿತು. ಸಣ್ಣ ಕಾರುಗಳಲ್ಲಿ ಪೆಡಲುಗಳು ಒತ್ತೊತ್ತಾಗಿದ್ದರೆ ಇದು ಬೇಗ ಕಾಣುತ್ತದೆ. ಬಳಿಕ ಕಣ್ಣನ್ನು ಎದುರಿನ ಗಾಜಿನ ಮೇಲಿಟ್ಟು, ಕೆಳಗೆ ನೋಡದೆ, ಆಕ್ಸಿಲರೇಟರಿನಿಂದ ಬ್ರೇಕಿಗೆ ಇಪ್ಪತ್ತು ಸಲ ಕಾಲು ಬದಲಿಸಿ. ಒಮ್ಮೆಯಾದರೂ ಶೂವಿನ ಮೂತಿ ಬ್ರೇಕಿನ ಅಂಚಿಗೆ ಬಡಿದರೆ ಅಥವಾ ಹಿಮ್ಮಡಿ ಒಳಗೆ ಜಾರಿದರೆ ಅದು ಬೇಡ. ಎಂಜಿನ್ ಆಫ್ ಇದ್ದಾಗ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುವುದು ಸಹಜ. ಬ್ರೇಕಿಗೆ ಬಲ ಕೂಡಿಸುವ ಬೂಸ್ಟರಿನ ನಿರ್ವಾತ ಆಗ ಮುಗಿದಿರುತ್ತದೆ. ಹಾಗಾಗಿ ಒತ್ತಡದ ಅಂದಾಜು ಸಿಗಲು ಕೊನೆಗೆ ಎಂಜಿನ್ ಚಾಲೂ ಮಾಡಿ ಬ್ರೇಕ್ ಮಾತ್ರ ಇನ್ನೊಮ್ಮೆ ಒತ್ತಿ ನೋಡಿ.

ಎತ್ತರದ ಹಿಮ್ಮಡಿ, ಸೇಫ್ಟಿ ಶೂ, ಗಂಬೂಟು

ಚೂಪು ಹೀಲ್ಸ್ ಹಾಕಿದಾಗ ತಿರುಗಣಿಯಾಗಬೇಕಾದ ಹಿಮ್ಮಡಿ ಒಂದು ಕಡ್ಡಿಯ ತುದಿಯ ಮೇಲೆ ನಿಂತಂತಾಗುತ್ತದೆ. ಅದು ಮ್ಯಾಟಿನಲ್ಲಿ ಚುಚ್ಚಿಕೊಳ್ಳುತ್ತದೆ, ಪಾದದ ಕೋನ ಬದಲಾಗಿ ಬೆರಳ ತುದಿಯಿಂದ ಒತ್ತಬೇಕಾಗುತ್ತದೆ, ದಟ್ಟಣೆಯಲ್ಲಿ ಮೀನಖಂಡ ಬೇಗ ಸೋಲುತ್ತದೆ. ಮದುವೆಗೆ, ಕಚೇರಿಗೆ ಹೀಲ್ಸ್ ಬೇಕೇ ಬೇಕೆಂದರೆ ಓಡಿಸಲು ಬೇರೆ ಜೊತೆ ಇಟ್ಟುಕೊಂಡು ಇಳಿಯುವಾಗ ಬದಲಿಸಿ. ಸೀರೆಯ ನೆರಿಗೆ, ಪಂಚೆಯ ಅಂಚು ಪೆಡಲಿನ ಬಳಿ ಬಾರದಂತೆ ಮೊಣಕಾಲಿನ ಕೆಳಗೆ ಸೇರಿಸಿಕೊಂಡು ಕೂರಿ.

ಪೀಣ್ಯ, ಬಿಡದಿಯ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಹೊರಡುವವರ ಸೇಫ್ಟಿ ಶೂಗಳದ್ದೂ ಇದೇ ಕತೆ. ಉಕ್ಕಿನ ಟೋಪಿಯಿರುವ ಮೂತಿ ಅಗಲ, ಎತ್ತರ ಎರಡರಲ್ಲೂ ಹೆಚ್ಚು, ಬ್ರೇಕಿನ ಅಡಿಗೆ ಸಿಕ್ಕುವುದು ಅದೇ. ತೋಟಕ್ಕೆ ಹಾಕಿದ ಗಂಬೂಟಿನಲ್ಲಿ ಪಾದ ಒಳಗೇ ಜಾರಾಡುತ್ತದೆ. ಕುದುರೆಮುಖವೋ ಮುಳ್ಳಯ್ಯನಗಿರಿಯೋ ಹತ್ತಿಳಿದ ಟ್ರೆಕ್ಕಿಂಗ್ ಶೂವಿನ ಆಳವಾದ ಹಲ್ಲುಗಳಲ್ಲಿ ಕೆಸರು ತುಂಬಿಕೊಂಡರೆ ಅಟ್ಟೆ ಸಾಬೂನು ಹಚ್ಚಿದಂತೆ.

ಬದಲಿಸಿದ ಜೊತೆಯನ್ನು ಎಲ್ಲಿಡುತ್ತೀರಿ ಎಂಬುದು ಅಷ್ಟೇ ಮುಖ್ಯ. ಚಾಲಕನ ಸೀಟಿನ ಕೆಳಗೆ ಇಟ್ಟರೆ ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ಜಾರಿ ಪೆಡಲಿನ ಹಿಂದೆ ಬಂದು ಕೂರುತ್ತದೆ. ಡಿಕ್ಕಿಯಲ್ಲಿ ಒಂದು ಚೀಲದೊಳಗೆ ಇಡಿ. ನೀರಿನ ಬಾಟಲಿಗೂ ಇದೇ ನಿಯಮ. ಮ್ಯಾಟನ್ನು ನೆಲದ ಕೊಕ್ಕೆಗೆ ಸಿಕ್ಕಿಸಿರಿ, ಹಳೆಯ ಮ್ಯಾಟಿನ ಮೇಲೆ ಹೊಸದನ್ನು ಹಾಸಬೇಡಿ. ಜಾರಿದ ಮ್ಯಾಟು ಆಕ್ಸಿಲರೇಟರನ್ನು ಒತ್ತಿದಲ್ಲೇ ಹಿಡಿದುಬಿಡಬಲ್ಲದು. 2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಂಪನಿ ಈ ಕಾರಣಕ್ಕಾಗಿಯೇ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಒಂದು ಮಾತು ಗಮನಿಸಬೇಕು. ವೈದ್ಯರು ಬರೆದುಕೊಡುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್ ಎಂಬ ಮೆತ್ತನೆಯ ರಬ್ಬರಿನ) ಚಪ್ಪಲಿ ಗಾಯ ತಡೆಯಲು ಒಳ್ಳೆಯದು, ಕೊಳ್ಳುವಾಗ ಹಿಂಪಟ್ಟಿ ಇರುವುದನ್ನೇ ಕೇಳಿ ಪಡೆಯಿರಿ. ಪೆಡಲು ಒತ್ತಿದ್ದೇ ಪಾದಕ್ಕೆ ತಿಳಿಯದಷ್ಟು ಜೋಮಿದ್ದರೆ ಯಾವ ಶೂವೂ ಅದನ್ನು ಸರಿದೂಗಿಸದು. ಓಡಿಸಬಹುದೇ ಎಂದು ವೈದ್ಯರನ್ನೇ ಕೇಳಿ.

ಮಳೆಗಾಲ ಮತ್ತು ಸವೆತ

ಮಳೆಯಲ್ಲಿ ಹತ್ತುವ ಮೊದಲು ಸೀಟಿನ ಮೇಲೆ ಹೊರಮುಖವಾಗಿ ಕೂತು ಎರಡೂ ಅಟ್ಟೆಗಳನ್ನು ಪರಸ್ಪರ ಬಡಿದು, ಬಾಗಿಲ ಪಾಕೆಟ್ಟಿನಲ್ಲಿಟ್ಟ ಬಟ್ಟೆಯಿಂದ ಒರೆಸಿ, ಆಮೇಲೆ ಕಾಲು ಒಳಗೆ ತನ್ನಿ. ಜಂಬಿಟ್ಟಿಗೆಯ ಹರಳು ಅಟ್ಟೆಯ ಸಂದಿನಲ್ಲಿ ಸಿಕ್ಕಿದ್ದರೆ ಕೀಲಿಯ ತುದಿಯಿಂದ ಎಬ್ಬಿಸಿ ತೆಗೆಯಿರಿ. ಪೆಡಲಿನ ರಬ್ಬರ್ ಹೊದಿಕೆಯ ಗೀರುಗಳು ಸವೆದು ನುಣುಪಾಗಿದ್ದರೆ ಎಂಥ ಅಟ್ಟೆಯೂ ಜಾರುತ್ತದೆ. ಆ ಹೊದಿಕೆ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಹಳೆಯದನ್ನು ಕಿತ್ತು ಹೊಸದರ ಅಂಚನ್ನು ಪೆಡಲಿನ ಸುತ್ತ ಎಳೆದು ಕೂರಿಸಿದರಾಯಿತು.

ಡಿಕ್ಕಿಯಲ್ಲಿಟ್ಟ ಜೊತೆಯನ್ನು ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ಬಿಸಿಲಿನ ಕಾವಿಗೆ ಅಂಟು ಬಿಟ್ಟು ಅಟ್ಟೆ ಮೂತಿಯ ಕಡೆಯಿಂದ ಬಾಯಿ ತೆರೆಯುತ್ತದೆ, ಬ್ರೇಕ್ ಪೆಡಲಿಗೆ ಸಿಕ್ಕಿಕೊಳ್ಳಲು ಅಷ್ಟೇ ಸಾಕು. ಕೂಡಲೇ ಅಂಟಿಸಿ, ಸುತ್ತ ಹೊಲಿಗೆ ಹಾಕಿಸಿ. ಪಿಯು (ಪಾಲಿಯುರೆಥೇನ್ ಎಂಬ ಹಗುರ ಪ್ಲಾಸ್ಟಿಕ್) ಅಟ್ಟೆಯಾದರೆ ಮಲೆನಾಡು, ಕರಾವಳಿಯ ತೇವಕ್ಕೆ ಬಳಸದೆ ಇಟ್ಟರೂ ಒಳಗೊಳಗೇ ಪುಡಿಯಾಗುತ್ತದೆ. ಉಗುರಿನಿಂದ ಒತ್ತಿದಾಗ ಹಿಟ್ಟಿನಂತೆ ಉದುರಿದರೆ ರಿಪೇರಿಗೆ ಹಣ ಹಾಕಬೇಡಿ, ಎಸೆದುಬಿಡಿ. ದಿನಾ ಓಡಿಸುವವರ ಬಲ ಶೂವಿನ ಹಿಮ್ಮಡಿ ಎಡದ್ದಕ್ಕಿಂತ ಮೊದಲೇ, ಹಿಂಬದಿಯ ಮೂಲೆಯಲ್ಲಿ ಓರೆಯಾಗಿ ಸವೆಯುತ್ತದೆ. ಅಲ್ಲಿ ಗೀರುಗಳು ಮಾಸಿ ಬೆರಳಿಗೆ ನುಣುಪು ತಗುಲಿದ ದಿನ ಆ ಜೊತೆಯನ್ನು ತೋಟದ ಕೆಲಸಕ್ಕೆ ಇಟ್ಟುಕೊಂಡು ಕಾರಿಗೆ ಬೇರೆ ತನ್ನಿ.