ಮಿದುಳಿಗೆ ಬೇಕಾದ ಊಟ: ಸೊಪ್ಪಿನಿಂದ ಶುರು ಮಾಡಿ

ಮಿದುಳಿಗೆ ಒಳ್ಳೇದು ಅಂತ ಮಾರುವ ಪುಡಿ, ಮಾತ್ರೆಗಳಿಗೆ ಲೆಕ್ಕವೇ ಇಲ್ಲ. ಸದ್ಯಕ್ಕೆ ಅವನ್ನು ಬದಿಗಿಡಿ. ಆಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆಯನ್ನು ಗ್ಯಾರಂಟಿಯಾಗಿ ತಡೆಯುವ ಆಹಾರ ಯಾವುದೂ ಇಲ್ಲ. ದಿನದ ಊಟ ಬದಲಾದರೆ ಅಪಾಯ ತಗ್ಗಬಹುದು, ಅಷ್ಟೇ.

ಮೊದಲು ಸೊಪ್ಪು. ಶಿಕಾಗೋದ ರಶ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ತಂಡ 960 ಹಿರಿಯರನ್ನು ಗಮನಿಸಿ 2018ರಲ್ಲಿ ವರದಿ ಪ್ರಕಟಿಸಿತು. ದಿನವೂ ಸೊಪ್ಪು ತಿನ್ನುವವರ ನೆನಪು, ಯೋಚನಾಶಕ್ತಿ ಅಪರೂಪಕ್ಕೆ ತಿನ್ನುವವರಿಗಿಂತ ನಿಧಾನವಾಗಿ ಕುಂದಿತ್ತು. ವ್ಯತ್ಯಾಸ 11 ವರ್ಷ ಚಿಕ್ಕವರಾದಷ್ಟು! ಸೊಪ್ಪು ತಿನ್ನುವವರು ಬೇರೆ ವಿಷಯದಲ್ಲೂ ಶಿಸ್ತಿನವರಿರಬಹುದು, ಅಲ್ವಾ? ಹಾಗಾಗಿ ಇದು ಸಾಕ್ಷಿಯಲ್ಲ, ಸುಳಿವು. ಆದರೂ ಬಿಡುವಂಥ ಸುಳಿವಲ್ಲ.

ಹಸಿಯಾದರೆ ಒಂದು ಬಟ್ಟಲು, ಬೇಯಿಸಿದ್ದಾದರೆ ಅರ್ಧ ಬಟ್ಟಲು ಸಾಕು. ತುಂಬಾ ನೀರಲ್ಲಿ ಕುದಿಸಿ ಆ ನೀರು ಚೆಲ್ಲಬೇಡಿ, ಫೋಲೇಟ್ ಎಂಬ ಬಿ ವಿಟಮಿನ್ ಅದರ ಜೊತೆಗೇ ಹೋಗುತ್ತದೆ. ಒಂದು ಚಮಚ ಎಣ್ಣೆ ಇರಲಿ. ಸೊಪ್ಪಿನ ಲ್ಯೂಟಿನ್ ಎಂಬ ಬಣ್ಣದ ಅಂಶ, ವಿಟಮಿನ್ ಕೆ ಕೊಬ್ಬಿನ ಜೊತೆಗೇ ಚೆನ್ನಾಗಿ ಮೈಗೆ ಹತ್ತುವುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ನುಂಗುವವರು ಮಾತ್ರ ಡಾಕ್ಟರನ್ನು ಕೇಳದೆ ಸೊಪ್ಪು ಜಾಸ್ತಿ ಮಾಡಬೇಡಿ.

ಎರಡನೆಯದು ಒಮೆಗಾ-3 ಎಂಬ ಒಳ್ಳೆಯ ಕೊಬ್ಬು. ಮೀನು ತಿನ್ನುವವರಿಗೆ ವಾರಕ್ಕೊಮ್ಮೆ ಕೊಬ್ಬಿನಂಶ ಇರುವ ಮೀನು. ತಿನ್ನದವರಿಗೆ ಅಕ್ರೋಟು, ಅಗಸೆಬೀಜ. ಇವುಗಳಲ್ಲಿರುವ ಒಮೆಗಾ-3 ಬೇರೆ ಬಗೆಯದು, ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಮೀನಿನಲ್ಲಿರುವ ಬಗೆಗೆ ಬದಲಿಸಿಕೊಳ್ಳುತ್ತದೆ. ಅಗಸೆಯನ್ನು ಇಡಿಯಾಗಿ ನುಂಗಿದರೆ ಬಹುಪಾಲು ಹಾಗೇ ಹೊರಬೀಳುತ್ತದೆ. ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಕಮಟು ವಾಸನೆ ಬಂದರೆ ಎಸೆಯಿರಿ.

ಬೆರ್ರಿ ಹಣ್ಣು ವಾರಕ್ಕೆ ಎರಡು ಸಲ, ಕಾಳು ಮೂರು ನಾಲ್ಕು ಸಲ. ಕರಿದದ್ದು, ಸಿಹಿ, ಬೆಣ್ಣೆ ಕಡಿಮೆ ಮಾಡಿ. ಉಪ್ಪಿನ ಮೇಲೂ ಕಣ್ಣಿರಲಿ, ಏರಿದ ಬಿಪಿ ಮಿದುಳಿನ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತದೆ.

ಅರಿಶಿನ? ಅಡುಗೆಗೆ ಹಾಕಿ, ಸುಮ್ನೆ ಕ್ಯಾಪ್ಸೂಲ್‌ಗೆ ದುಡ್ಡು ಸುರಿಯಬೇಡಿ. ಅದರ ಮುಖ್ಯ ಅಂಶವಾದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ನೆನಪಿಗೆ ಒಳ್ಳೇದು ಅಂತ ಮಾರುವ ಗಿಂಕ್ಗೊ ಮರದ ಎಲೆಯ ಸಾರವನ್ನು 3,000ಕ್ಕೂ ಹೆಚ್ಚು ಹಿರಿಯರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಮರೆವಿನ ಕಾಯಿಲೆ ಬರುವುದು ತಗ್ಗಲಿಲ್ಲ.

ಈಗಾಗಲೇ ಮರೆವು ಹೆಚ್ಚಾಗಿದ್ದರೆ ಅಡುಗೆಮನೆಯಲ್ಲಿ ಉತ್ತರ ಹುಡುಕುತ್ತಾ ಕೂರಬೇಡಿ. ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅವುಗಳ ಕೊರತೆಯಿಂದ ಬಂದ ಮರೆವನ್ನು ಬೇಗ ಹಿಡಿದರೆ ಚಿಕಿತ್ಸೆಯಿಂದ ಸರಿಪಡಿಸಬಹುದು.